ಬುಚ್ಚಮ್ಮನ ಹೆಸರಿನ ಆಯೇರಿ

ನಾರಾಯಣಪೇಟೆಯ ನೇಕಾರರ ನಾಟಕಮಂದಿರದ ಜೀರ್ಣೋದ್ಧಾರ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದು ಫೋಟೋಕ್ಕೆ. ಅಷ್ಟು ಗಂಡಸರ ನಡುವೆ ಒಬ್ಬ ಹೆಂಗಸು ನಿಂತರೆ ಪೇಪರಿನವರು ಒಳ್ಳೆಯ ಜಾಗದಲ್ಲಿ ಹಾಕುತ್ತಾರೆ ಎಂದು ಅಧ್ಯಕ್ಷ ಭಾನುಪ್ರಕಾಶನಿಗೆ ಯಾರೋ ಹೇಳಿದ್ದರಂತೆ. ನನ್ನದು ಬಜಾರಿನಲ್ಲಿ ಸಣ್ಣ ಸೀರೆ ಅಂಗಡಿ. ಮನೆಯಲ್ಲಿ ಗಂಡ ಮಗ್ಗದ ಮೇಲೆ, ಇಲ್ಲಿ ನಾನು ಗಲ್ಲಾದ ಮೇಲೆ. ಈ ಉಮಾಶ್ರೀಯ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತಿದ್ದೂ ಕರೆದರಲ್ಲ ಎಂದು ಹಿಗ್ಗಿ ಒಪ್ಪಿಕೊಂಡೆ.

ಮಂದಿರ ನಿಜಾಮರ ಕಾಲದ್ದು. ಊರಿನ ಪ್ರತಿ ಮಗ್ಗದವರು ಒಂದೊಂದು ಸೀರೆ ನೇಯ್ದು ಕೊಟ್ಟು, ಅವನ್ನು ಮಾರಿ ಕಟ್ಟಿಸಿದ್ದು. ನಾವು ಕೈಹಾಕುವ ಹೊತ್ತಿಗೆ ಅದು ಹಾಳುಬಿದ್ದಿತ್ತು. ತಗಡು ಹಾರಿಹೋಗಿ ರಂಗದ ಮೇಲೆ ಬಿಸಿಲು ನೇರ ಬೀಳುತ್ತಿತ್ತು. ತೊಲೆಗಳ ತುಂಬ ಪಾರಿವಾಳ, ಕೆಳಗೆ ಅವುಗಳ ಹಿಕ್ಕೆ. ಬಣ್ಣದ ಕೋಣೆಯಲ್ಲಿ ಯಾರೋ ಉಳ್ಳಾಗಡ್ಡಿ ಚೀಲ ಒಟ್ಟಿ, ಅರ್ಧ ಕೊಳೆಸಿ ಹೋಗಿದ್ದರು. ಹಿಂದಿನ ಗೋಡೆಯ ವಿಷಯ ಬೇಡ, ಊರಿನ ಗಂಡಸರಿಗೆ ಬೇರೆ ಗೋಡೆಯೇ ಇರಲಿಲ್ಲ.

ಚಂದಾ ಎತ್ತಲು ಮಕ್ತಲಕ್ಕೆ ಹೋದೆವು. ಅಲ್ಲಿನ ರೈಸ್ ಮಿಲ್ಲಿನವರು ಫ್ಯಾನು ಕೊಡಿಸುತ್ತೇವೆ, ಆದರೆ ನಮ್ಮಪ್ಪನ ಫೋಟೋ ರಂಗದ ನೆತ್ತಿಯ ಮೇಲೆ ಕಾಯಂ ಇರಬೇಕು ಎಂದರು. ಗದ್ವಾಲಿನ ಸೀರೆ ವ್ಯಾಪಾರಿಯೊಬ್ಬರು ಫೋನು ನೋಡುತ್ತಲೇ ತಮ್ಮ ಕಲಾಪ್ರೇಮದ ಬಗ್ಗೆ ಬಹಳ ಹೊತ್ತು ಮಾತಾಡಿ, ಕೊನೆಗೆ ಬಣ್ಣ ಬಿಟ್ಟ ಹಳೇ ಮಾಲಿನ ಗಂಟೊಂದನ್ನು ಕಾರಿನಲ್ಲಿ ಇಡಿಸಿದರು. ಯಾವ ನಾಟಕ ಆಡುತ್ತಿದ್ದಿರಿ ಎಂದು ಒಬ್ಬರೂ ಕೇಳಲಿಲ್ಲ. ಊಟಕ್ಕೆ ಎಷ್ಟು ಮಂದಿ ಕೂರಬಹುದು, ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಎಲ್ಲರೂ ಕೇಳಿದರು. ಇದೆ, ಇದೆ ಎಂದು ಭಾನುಪ್ರಕಾಶ ಹಲ್ಲು ಗಿಂಜಿದ. ಹಾಗೆ ಯಾಕೆ ಕೇಳುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಒಂದು ನಾಟಕ ಆಡಿಸಿದರೆ ಆಯೇರಿಯಲ್ಲಿ ದುಡ್ಡು ಬರುತ್ತದೆ ಎಂದವನೂ ಅವನೇ. ನಮ್ಮ ಕಡೆ ನಾಟಕದ ನಡುವೆಯೇ ಪ್ರೇಕ್ಷಕರು ರಂಗ ಹತ್ತಿ ಪಾತ್ರಧಾರಿಗೆ ನೋಟು ಚುಚ್ಚುತ್ತಾರೆ. ಅದೇ ಆಯೇರಿ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು, ಪಾತ್ರಧಾರಿ ಕೈ ಮುಗಿಯಬೇಕು, ಆಮೇಲೇ ಹಾರ್ಮೋನಿಯಂ ಮತ್ತೆ ಶುರುವಾಗುವುದು. ರಾಜ ಸಾಯುತ್ತಿದ್ದರೂ ಅಷ್ಟು ಹೊತ್ತು ತಡೆಯಬೇಕು.

ರಾಣಿಯ ಪಾತ್ರಕ್ಕೆ ಮಾಗನೂರಿನ ಹನುಮಮ್ಮನನ್ನು ಕೇಳಲು ಅವನ ಜೊತೆ ನಾನೂ ಹೋದೆ. ಅರವತ್ತು ದಾಟಿದ ಹೆಂಗಸು, ಹುಟ್ಟಾ ನಾಟಕದವಳು. ಮಂದಿರದ ಕೆಲಸ, ಪುಕ್ಕಟೆ ಆಡಿಕೊಡು ಎಂದು ಭಾನುಪ್ರಕಾಶ ಏಕವಚನದಲ್ಲೇ ಕೇಳಿದ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಆಯೇರಿಯ ದುಡ್ಡನ್ನೂ ಮಂದಿರಕ್ಕೇ ಬಿಡುತ್ತೇನೆ, ಒಂದೇ ಒಂದು ಆಸೆ ಎಂದಳು. ಮಂದಿರ ಉದ್ಘಾಟನೆಯಾದ ದಿನ ಇದೇ ರಾಣಿಯ ಪಾತ್ರ ಮಾಡಿದವಳು ಆಕೆಯ ತಾಯಿ ಬುಚ್ಚಮ್ಮ. ಗಂಡಸರೇ ಮೀಸೆ ಬೋಳಿಸಿ ಹೆಣ್ಣುವೇಷ ಹಾಕುತ್ತಿದ್ದ ಕಾಲದಲ್ಲಿ ಆ ರಂಗದ ಮೇಲೆ ನಿಂತ ಮೊದಲ ಹೆಂಗಸು. ಹೊಸದಾಗಿ ಹಾಕಿಸುವ ಹೆಸರಿನ ಕಲ್ಲಿನಲ್ಲಿ ತಾಯಿಯ ಹೆಸರು ಒಂದು ಕಡೆ ಇರಲಿ ಎಂದಳು. ಭಾನುಪ್ರಕಾಶ ಎದೆ ಮುಟ್ಟಿಕೊಂಡು ಮೊದಲ ಸಾಲಿನಲ್ಲೇ ಹಾಕಿಸುತ್ತೇನೆ ಎಂದ. ವಾಪಸು ಬರುವ ದಾರಿಯುದ್ದಕ್ಕೂ ಸುಗ್ಗಿಯಲ್ಲಿ ಎತ್ತು ಪುಕ್ಕಟೆ ಸಿಕ್ಕವನ ಹಾಗೆ ನಗುತ್ತಿದ್ದ.

ಹೆಸರಿನ ಕಲ್ಲು ಅನಾವರಣಕ್ಕೆ ಬರಬೇಕಾದ ಪಕ್ಷದ ಮುಖಂಡರೊಬ್ಬರಿಗೆ ಹಗಲೇ ಬಿಡುವು ಎಂದು ನಾಟಕವನ್ನು ಮಧ್ಯಾಹ್ನ ಇಟ್ಟರು. ಬೆಳಗಿನ ಊಟ ಭಾನುಪ್ರಕಾಶನ ಮನೆಯಲ್ಲಿ. ಪಾತ್ರ ಮಾಡುವ ಗಂಡಸರೆಲ್ಲ ಅಲ್ಲಿ ಹೋಳಿಗೆ ಹೊಡೆದರು. ಹನುಮಮ್ಮನ ಊಟ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಮಂದಿರಕ್ಕೆ ಹೋಯಿತು. ಬಣ್ಣ ಹಚ್ಚಿಕೊಳ್ಳಲು ಹೊತ್ತಾಗುತ್ತದೆ ಅದಕ್ಕೆ ಎಂದು ಅವನ ಹೆಂಡತಿ ನನ್ನ ಮುಖ ನೋಡದೆ ಹೇಳಿದಳು. ನಾನು ಎಲೆ ಬಿಟ್ಟು ಎದ್ದು ಹೋಗಿ, ಕೊಳೆತ ಉಳ್ಳಾಗಡ್ಡಿ ನಾತದ ನಡುವೆ ಹನುಮಮ್ಮನ ಜೊತೆ ಆ ಚೀಲದ ಅನ್ನವನ್ನೇ ತಿಂದೆ.

ಮುಖಂಡರು ಅರ್ಧ ನಾಟಕ ಮುಗಿದ ಮೇಲೆ ಬಂದರು. ಆಟ ನಿಲ್ಲಿಸಿ ಎಲ್ಲರೂ ಮುಂದಿನ ಬಾಗಿಲಿಗೆ ಓಡಿದರು. ಕಲ್ಲಿನ ಮೇಲಿನ ಬಟ್ಟೆ ಸರಿಸುವುದು ಆಗಲೇ. ವೇಷದಲ್ಲಿ ಮಂದಿಯ ನಡುವೆ ಹೋಗಬಾರದೆಂದು ಹನುಮಮ್ಮ ಪರದೆಯ ಮರೆಯಲ್ಲೇ ಉಳಿದು, ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಮುಖಂಡರ ಹೆಸರು ದಪ್ಪಕ್ಕೆ ಇತ್ತು. ಭಾನುಪ್ರಕಾಶನದು ಅದರ ಕೆಳಗೆ, ಅವನ ಅಪ್ಪನದು, ರೈಸ್ ಮಿಲ್ಲಿನವರದು, ಬಣ್ಣ ಬಿಟ್ಟ ಸೀರೆ ಕೊಟ್ಟವರದು. ಕಟ್ಟ ಕಡೆಗೆ, ಸಣ್ಣ ಅಕ್ಷರದಲ್ಲಿ, ಮಹಿಳಾ ಸದಸ್ಯೆ ಉಮಾಶ್ರೀ. ಬುಚ್ಚಮ್ಮ ಎಲ್ಲೂ ಇರಲಿಲ್ಲ.

ಭಾನುಪ್ರಕಾಶನ ತೋಳು ಹಿಡಿದು ಪಕ್ಕಕ್ಕೆ ಎಳೆದು ಕೇಳಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಉಮಕ್ಕ, ಇದು ರೆಡಿ ಆದ ಮ್ಯಾಲ ಫಂಕ್ಷನ್ ಹಾಲ್ ಆಗ್ತೈತಿ. ನಾಟಕ ನೋಡಾಕ ಈಗ ಯಾರು ಬರ್ತಾರ? ಮುತ್ತೈದೇರು ಮದುವಿಗೆ ಬರೋ ಬಾಗಿಲದಾಗ ಆಟದಾಕಿ ಹೆಸರು ಬರಸಾಕ ಆಗ್ತೈತೇನು, ನೀನ ಹೇಳು."

ಅವನ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಹೋಳಿಗೆಯದು. ಹಿಡಿದಿದ್ದ ತೋಳು ಬಿಟ್ಟೆ. ಇವನ ಜೊತೆ ಊರೂರು ತಿರುಗಿ ಕೈಯೊಡ್ಡಿದ್ದು ಇದಕ್ಕೇ ಎಂದು ಆಗ ತಿಳಿಯಿತು.

ಒಳಗೆ ಹೋದರೆ ಹನುಮಮ್ಮ ಕಿರೀಟ ಸರಿಮಾಡಿಕೊಳ್ಳುತ್ತ ನಿಂತಿದ್ದಳು.

"ಎಷ್ಟನೇ ಸಾಲಿನ್ಯಾಗ ಐತ್ರಿ ಅಕ್ಕಾರ?"

"ಇಲ್ಲ," ಎಂದೆ. ಆಕೆ ಕಿರೀಟ ತೆಗೆದು ಕೆಳಗಿಟ್ಟಳು. ಮುಂದಿನ ದೃಶ್ಯ ಮಸಣದ್ದು, ಕಿರೀಟ ಬೇಕಾಗಿರಲಿಲ್ಲ.

ಮಗ ಸತ್ತಿದ್ದಾನೆ, ರಾಣಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಅಳಬೇಕು. ಮಗ ಎಂದರೆ ಸೀರೆ ಸುತ್ತಿದ ಒಂದು ದಿಂಬು. ತಾಯಣ್ಣ ಮಾಸ್ತರು ಹಾರ್ಮೋನಿಯಂ ಪೆಟ್ಟಿಗೆ ನುಡಿಸತೊಡಗಿದರು. ಹನುಮಮ್ಮ ದನಿ ಎತ್ತಿದಳೋ ಇಲ್ಲವೋ, ಹೆಂಗಸರ ಸಾಲಿನಲ್ಲಿ ನನ್ನ ಬಗಲಿಗಿದ್ದ ಮುದುಕಿಯರು ಸೆರಗು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಆಯೇರಿ ಶುರುವಾಯಿತು. ಮುಖಂಡರು ಹತ್ತಿದರು, ಹನುಮಮ್ಮ ದಿಂಬು ಕೆಳಗಿಟ್ಟು ಎದ್ದಳು. ನೋಟು ಚುಚ್ಚುವ ನೆಪದಲ್ಲಿ ಅವರ ಕೈ ಆಕೆಯ ಭುಜದ ಮೇಲೆ ಫೋಟೋ ಮುಗಿಯುವ ತನಕ ಇತ್ತು. ಭಾನುಪ್ರಕಾಶ ಮೈಕಿನಲ್ಲಿ ಕಲಾಪೋಷಕರು, ಕೊಡುಗೈ ದಾನಿಗಳು ಎಂದು ಕೂಗಿದ. ಆಕೆ ಕೈ ಮುಗಿದು ಕೂತು ಅಳಲು ತೊಡಗಿದರೆ ಇನ್ನೊಬ್ಬ. ಅವನು ಹೆಣದ ಮೇಲೆಯೇ ಕಾಲಿಟ್ಟ. ಮತ್ತೊಬ್ಬ ಫೋಟೋ ಸರಿ ಬರಲಿಲ್ಲವೆಂದು ಚುಚ್ಚಿದ ನೋಟು ಕಿತ್ತು ಮತ್ತೆ ಚುಚ್ಚಿದ. ಮಗ ಸತ್ತ ತಾಯಿಯ ಮುಂದೆ ಸಾಲುಗಟ್ಟಿ ನಿಂತ ಆ ಮೋರೆಗಳನ್ನು ನೋಡಿ ನನಗೆ ನಮ್ಮ ಊರೇ ಹೇಸಿಗೆ ಎನಿಸಿತು.

ಸಾಲು ಕರಗಿದ ಮೇಲೆ ಹನುಮಮ್ಮ ಕೂರಲಿಲ್ಲ. ಸೆರಗಿನ ನೋಟುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು, ಒಟ್ಟು ಮಾಡಿ ಮೈಕಿನ ಕಡೆ ಚಾಚಿದಳು.

"ನಂದೂ ಒಂದು ಆಯೇರಿ ಐತ್ರಿ. ನಮ್ಮವ್ವ ಬುಚ್ಚಮ್ಮನ ಹೆಸರಿಲೆ. ಈ ರಂಗದ ಮ್ಯಾಲ ಮೊದಲಿಗೆ ನಿಂತಾಕಿ. ಕೂಗ್ರಿ."

ಭಾನುಪ್ರಕಾಶ ನಕ್ಕ. ಆಯಿತು ಆಯಿತು ಎನ್ನುತ್ತ, ಬಾರಿಸಿರಿ ಎಂದು ತಾಯಣ್ಣ ಮಾಸ್ತರಿಗೆ ಸನ್ನೆ ಮಾಡಿದ. ಮಾಸ್ತರು ಕೈಗಳನ್ನು ಪೆಟ್ಟಿಗೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಹೆಸರು ಕೂಗದೆ ಪೆಟ್ಟಿಗೆ ನುಡಿಸುವ ರೂಢಿ ಇಲ್ಲ. ಹನುಮಮ್ಮ ಚಾಚಿದ ಕೈ ಇಳಿಸಲಿಲ್ಲ. ತಗಡಿಲ್ಲದ ಜಾಗದಿಂದ ಬಿಸಿಲು ಆಕೆಯ ಮುಖಕ್ಕೆ ಹೊಡೆದು ಬಣ್ಣ ಕರಗಿ ಇಳಿಯುತ್ತಿತ್ತು. ನಾನು ಹೆಂಗಸರ ಕಡೆಯಿಂದ ಎದ್ದು ನಿಂತೆ.

"ಕೂಗೋ ಭಾನುಪ್ರಕಾಶ."

ಹಿಂದಿನಿಂದ ಇನ್ನೊಂದು ದನಿ ಬಂತು, ಆಮೇಲೆ ಮುದುಕಿಯರು, ಆಮೇಲೆ ನಾಟಕ ಮುಂದುವರಿದರೆ ಸಾಕು ಎಂದು ಮಿಕ್ಕವರು. ಮುಖಂಡರು ಗಡಿಯಾರ ನೋಡಿಕೊಂಡರು. ಅದನ್ನು ಕಂಡು ಭಾನುಪ್ರಕಾಶ ಮೈಕು ಬಾಯಿಗೆ ತಂದ. ಎಂಥ ಕೂಗು ಅದು! ಮಹಾನ್ ಕಲಾವಿದೆ, ನಮ್ಮೆಲ್ಲರ ತಾಯಿ ಬುಚ್ಚಮ್ಮನವರು ಎಂದು ಜೇನು ಸುರಿಸಿದ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಮಂದಿ ಚಪ್ಪಾಳೆ ಹೊಡೆದರು, ಅವನ ಫೋಟೋ ತೆಗೆದರು. ಹನುಮಮ್ಮ ದುಡ್ಡು ಅವನ ಕೈಗಿಟ್ಟು, ಕೂತು, ದಿಂಬಿನ ಮೇಲಿನ ಕಾಲಿನ ಗುರುತು ಒರೆಸಿ, ಅತ್ತಳು. ಈ ಸಲ ಯಾರೂ ಹತ್ತಲಿಲ್ಲ.

ನಾಟಕ ಮುಗಿದದ್ದೇ ಭಾನುಪ್ರಕಾಶನನ್ನು ಹಿಡಿದೆ. ಊರೆಲ್ಲ ಆ ಹೆಸರು ಕೇಳಿಸಿಕೊಂಡಿದೆ, ಇನ್ನು ಕಲ್ಲಿನಲ್ಲಿ ಕೆತ್ತಿಸು ಎಂದೆ. ಅವನ ಕಣ್ಣು ಒಣಗಿ ಆಗಲೇ ಬಹಳ ಹೊತ್ತಾಗಿತ್ತು.

"ಕೂಗಿದ್ನಲ್ಲ. ಆಯೇರಿ ಕೊಟ್ಳು, ಹೆಸರು ಕೂಗಿದ್ವಿ, ಅಲ್ಲಿಗೆ ಮುಗೀತು. ಮತ್ತ ಕಲ್ಲು ಯಾಕ?"

ಉಗಿಯಬೇಕು ಎನಿಸಿತು. ಉಗಿದೆ ಕೂಡ, ಅವನ ಚಪ್ಪಲಿಯ ಹತ್ತಿರ. ಒಳಗೆ ಹನುಮಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದಳು. ಪೇಪರಿನವರಿಗೆ ಹೇಳುತ್ತೇನೆ, ನೇಕಾರರನ್ನೆಲ್ಲ ಕೂಡಿಸುತ್ತೇನೆ, ಬಿಡುವುದಿಲ್ಲ ಎಂದು ನಾನು ಕೂಗಾಡಿದೆ. ಆಕೆ ಮುಖ ಒರೆಸಿಕೊಳ್ಳುತ್ತಲೇ ತಲೆಯಾಡಿಸಿದಳು.

"ಬ್ಯಾಡ್ರಿ ಅಕ್ಕಾರ. ಈ ಮಂದಿ ಸಾಲಿನ್ಯಾಗ ನಮ್ಮವ್ವನ್ನ ಕುಂದ್ರಸಬ್ಯಾಡ್ರಿ." ಆಮೇಲೆ ಕೇಳಿದಳು, "ನಿಮ್ಮ ಹೆಸರು ಐತೇನ್ರಿ ಅದರಾಗ?"

ಐತಿ ಎಂದೆ.

"ಚೊಲೋ ಆತು ಬಿಡ್ರಿ," ಎಂದಳು. ಅದರಲ್ಲಿ ಕುಹಕ ಇರಲಿಲ್ಲ, ನಿಜವಾಗಿ ಸಂತೋಷಪಟ್ಟಳು. ಆ ಸಂತೋಷ ನನ್ನ ಮೈಗೆ ಹೊಲಸಿನ ಹಾಗೆ ಮೆತ್ತಿಕೊಂಡಿತು.

ಮರುದಿನ ಬೆಳಿಗ್ಗೆ ಕಲ್ಲು ಕೆತ್ತಿದ ಆಶಪ್ಪನನ್ನು ಕರೆದುಕೊಂಡು ಹೋಗಿ ನನ್ನ ಹೆಸರು ಕೆತ್ತಿ ತೆಗೆಯಲು ಹೇಳಿದೆ. ಅಲ್ಲಿ ತಗ್ಗಾಗಿ ಕುಣಿ ಬೀಳುತ್ತದೆ, ಕಲ್ಲು ಕೆಡುತ್ತದೆ ಎಂದ. ಬೀಳಲಿ ಎಂದೆ.

ಈಗ ಅಲ್ಲಿ ಮದುವೆಗಳಾಗುತ್ತವೆ. ಸೀರೆ ಕೊಳ್ಳಲು ನನ್ನ ಅಂಗಡಿಗೆ ಬರುವ ಬೀಗರ ಕಡೆಯ ಹೆಂಗಸರು ಆ ಕುಣಿಯನ್ನು ನೋಡಿ ಬಂದಿರುತ್ತಾರೆ, ಅಲ್ಲಿ ಯಾರ ಹೆಸರಿತ್ತು ಎಂದು ಕೇಳುತ್ತಾರೆ. ಬುಚ್ಚಮ್ಮನದು ಎನ್ನುತ್ತೇನೆ. ಯಾರು ತೆಗೆಸಿದರು ಎಂದರೆ ಭಾನುಪ್ರಕಾಶ ಎನ್ನುತ್ತೇನೆ.