ಶೀಲಾ ಸಿದ್ದಿ ಕನ್ನಡ ಮರೆತ ಮಧ್ಯಾಹ್ನ

ಕಮಲಾಪುರದ ಓಣಿಯಲ್ಲಿ ಶೀಲಾ ಮಗುವೊಂದಕ್ಕೆ ಪೆಪ್ಪರಮೆಂಟು ಕೊಟ್ಟದ್ದೇ ತಪ್ಪಾಯಿತು. ಹಾಗೆ ಮಾಡೆಂದು ಹೇಳಿಕೊಟ್ಟವರು ಅವಳ ಪಿಎಚ್‌ಡಿ ಗೈಡು ಅಣವೀರಪ್ಪನವರು. ಹಾಡು ಸಂಗ್ರಹಿಸಲು ಹೋದವರು ಮೊದಲು ಮಕ್ಕಳನ್ನು ಒಲಿಸಿಕೊಳ್ಳಬೇಕಂತೆ. ಊರಿನ ಮೊಬೈಲುಗಳಲ್ಲೆಲ್ಲ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿದ್ದುದು ಆ ಮಹಾನುಭಾವರಿಗೆ ಗೊತ್ತಿರಲಿಲ್ಲ.

ಬೀಸುವ ಕಲ್ಲಿನ ಪದ ಹಾಡಬೇಕಿದ್ದ ಕಸ್ತೂರಿಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೋಡುನೋಡುತ್ತಿದ್ದಂತೆ ಓಣಿ ತುಂಬ ಗಂಡಸರು. ಒಬ್ಬ ಶೀಲಾಳ ಚೀಲ ಕಸಿದ. ಅವಳ ಐಡಿ ಕಾರ್ಡು ಅದರಲ್ಲೇ ಇತ್ತು. ಇನ್ನೊಬ್ಬ ಅವಳ ಗುಂಗುರು ಕೂದಲು ಹಿಡಿದು ಎಳೆದು ನೋಡಿದ.

"ಎಲ್ಲಿಂದ ಬಂದೀದಿ?"

"ಯಲ್ಲಾಪುರದಾಕಿ ರೀ. ಸಿದ್ದಿ ಜನ ನಾವು, ಈ ನಾಡಿನವರೇ. ಕಲಬುರಗ್ಯಾಗ ಕನ್ನಡ ಪಿಎಚ್‌ಡಿ ಮಾಡಾಕತ್ತೀನಿ."

"ಕೇಳ್ರಿ, ಹೆಂಗ ಮಾತಾಡ್ತಾಳ," ಎಂದ ಬಡಿಗೆ ಹಿಡಿದು ಮುಂದೆ ನಿಂತಿದ್ದ ದೇವಿಂದ್ರಪ್ಪ. "ಕಳ್ಳರು ಮೊದಲ ಭಾಷಾ ಕಲ್ತೇ ಬರ್ತಾರ."

ಕನ್ನಡವೇ ತನ್ನನ್ನು ಕಾಯುತ್ತದೆ ಎಂದು ನಂಬಿದ್ದಳು ಶೀಲಾ, ಪಾಪ. ಈಗ ಮಾತಾಡಿದಷ್ಟೂ ಜನ ಹತ್ತಿರ ಬರುತ್ತಿದ್ದರು. ಇವರು ನನ್ನನ್ನು ಕೊಲ್ಲುತ್ತಾರೆ ಅನಿಸಿತು. ಹಾಡು ರೆಕಾರ್ಡು ಮಾಡಲೆಂದು ಕೈಯಲ್ಲೇ ಹಿಡಿದಿದ್ದ ಫೋನಿನಿಂದ ಗೈಡಿಗೆ ಹಚ್ಚಿ ಸ್ಪೀಕರ್ ಹಾಕಿದಳು.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿದ್ದರೂ, ಅವಳು ಪಿಎಚ್‌ಡಿಗೆ ಸೇರಿದ ಮೊದಲ ದಿನವೇ "ಯಾವ ದೇಶ?" ಎಂದು ಕೇಳಿದ್ದವರು ಈ ಅಣವೀರಪ್ಪನವರು. ಆಮೇಲೆ ವಿಭಾಗಕ್ಕೆ ಯಾರೇ ಬರಲಿ, "ಇಕಿ ನಮ್ಮ ಆಫ್ರಿಕಾ" ಎಂದು ನಗುತ್ತಾ ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಗೈಡಿನ ಸಹಿ ಬೇಕಲ್ಲ, ಅವಳೂ ನಗುತ್ತಿದ್ದಳು.

"ಏ, ಆಕೀನ ಮುಟ್ಟಬ್ಯಾಡ್ರಿ," ಎಂದಿತು ಗದ್ದಲ ಕೇಳಿಸಿಕೊಂಡ ಗೈಡಿನ ದನಿ. "ಆಫ್ರಿಕಾದ ಹುಡುಗಿ ಅದಾಳ. ಕನ್ನಡ ಕಲಿಯಾಕ ಬಂದಾಳ. ಏನರ ಆದ್ರ ದಿಲ್ಲಿ ತನಕ ಹೋಗ್ತದ, ನಿಮ್ಮನ್ನೆಲ್ಲ ಒಳಗ ಹಾಕ್ತಾರ."

ಅದು ಉಪಾಯವೋ ಬರೀ ರೂಢಿಯೋ, ಅವಳಿಗೆ ತಿಳಿಯಲಿಲ್ಲ.

ಜನ ಹಿಂದೆ ಸರಿದರು. ದೇವಿಂದ್ರಪ್ಪ ಮಾತ್ರ ಕದಲಲಿಲ್ಲ. "ಮತ್ತ ಯಲ್ಲಾಪುರದಾಕಿ ಅಂದಿ?"

ಬಡಿಗೆ ಇನ್ನೂ ಅವನ ಕೈಯಲ್ಲೇ ಇತ್ತು. ಶೀಲಾ ಮಾತನ್ನು ಮುರಿಮುರಿದು ಆಡಿದಳು. "ನಾನು... ತಪ್ಪು ಹೇಳ್ತದೆ. ಕನ್ನಡ... ಸ್ವಲ್ಪ ಸ್ವಲ್ಪ."

ಎಲ್ಲರೂ ನಕ್ಕರು. ಯಾರೋ ವಿಡಿಯೋ ತೆಗೆಯುತ್ತಾ ಇನ್ನೊಮ್ಮೆ ಹೇಳಿಸಿದರು. ಅವಳು ಮೊದಲಿಗಿಂತ ಕೆಟ್ಟದಾಗಿ ಹೇಳಿದಳು. ಕಸ್ತೂರಿಬಾಯಿ ಹೊರಬಂದು ಕೆಂಪು ಬಾಳೆಹಣ್ಣು ಕೊಟ್ಟಳು.

ಪರದೇಶದ ಹುಡುಗಿಯನ್ನು ಕಲಬುರಗಿಗೆ ತಾನೇ ಮುಟ್ಟಿಸುತ್ತೇನೆ ಎಂದು ದೇವಿಂದ್ರಪ್ಪ ಬಸ್ಸು ಹತ್ತಿ ಅವಳ ಹಿಂದಿನ ಸೀಟಿನಲ್ಲೇ ಕುಳಿತ. ಊರು ದಾಟುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ತೆರೆಯ ಮೇಲೆ 'ಅವ್ವ' ಎಂದಿತ್ತು. ಶೀಲಾ ಅದನ್ನು ಅಂಗೈಯಲ್ಲಿ ಮುಚ್ಚಿದಳು.

"ಎತ್ತವ್ವ," ಎಂದ ದೇವಿಂದ್ರಪ್ಪ ಅಕ್ಕರೆಯಿಂದ, ಮುಂದಕ್ಕೆ ಬಾಗಿ. "ನಿಮ್ಮ ದೇಶದಾಗಿಂದು ಇರಬೇಕು."

ಅವಳು ಎತ್ತಿದಳು.

"ಊಟ ಆಯ್ತಾ ಮಗಾ?"

"ಯೆಸ್," ಎಂದಳು ಶೀಲಾ, ತನ್ನದಲ್ಲದ ದನಿಯಲ್ಲಿ. "ಯೆಸ್, ಯೆಸ್."



"ಯಾರು ನೀವು?" ಎಂದಳು ಅವ್ವ. "ಫೋನು ನನ್ನ ಮಗಳಿಗೆ ಕೊಡಿ."