ಹಸಿರು ಚುಕ್ಕಿಯ ಹಾಜರಿ

ಸಿರುಗುಪ್ಪದ ನಮ್ಮ ಬೀಜ-ಗೊಬ್ಬರದ ಆಫೀಸಿನಲ್ಲಿ ನಾಲ್ಕು ಜನ, ನಾಲ್ಕು ಕಂಪ್ಯೂಟರು. ಮಾಲೀಕರು ದೊಡ್ಡಬಸವರಾಜ ಸಾಹುಕಾರ್ರು ಬಳ್ಳಾರಿಯ ಮನೆಯಲ್ಲಿ ಕೂತೇ ನಮ್ಮನ್ನು ಕಾಯುತ್ತಾರೆ. ಯಾವನೋ ಪುಣ್ಯಾತ್ಮ ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ಕಂಪ್ಯೂಟರ್ ಚಾಲೂ ಇದ್ದರೆ ಅದರಲ್ಲಿ ಹಸಿರು ಚುಕ್ಕಿ, ಆಫ್ ಆದರೆ ಕೆಂಪು. ಹಸಿರಿದ್ದವರು ದುಡಿಯುತ್ತಿದ್ದಾರೆ ಎಂದು ಸಾಹುಕಾರ್ರ ನಂಬಿಕೆ.

ಇದು ಗೊತ್ತಾದ ದಿನದಿಂದ ನನ್ನನ್ನು ಬಿಟ್ಟು ಉಳಿದ ಮೂವರೂ ಆಫ್ ಮಾಡುವುದನ್ನೇ ಬಿಟ್ಟರು. ಪಕ್ಕದ ಟೇಬಲ್ಲಿನ ಗವಿಸಿದ್ದೇಶ ಐದಕ್ಕೇ ಕುರುಗೋಡಿನ ಬಸ್ಸು ಹತ್ತುತ್ತಾನೆ. ಅವನ ಚುಕ್ಕಿ ಮಾತ್ರ ರಾತ್ರಿಯೆಲ್ಲಾ ಹಸಿರು. ಯಾರಿಗೂ ಹೇಳದೆ ತಮ್ಮನ ಮದುವೆಗೆ ಹೋದ ದಿನವೂ ಅವನು ಇಲ್ಲಿ ಬೆವರು ಸುರಿಸಿದ್ದನಂತೆ. ಸಾಹುಕಾರ್ರು ಕರೆಸಿ ಶಾಲು ಹೊದಿಸಿದರು. ಆ ನಾಚಿಕೆಗೇಡಿ ತಲೆ ಬಾಗಿಸಿ ಹೊದ್ದುಕೊಂಡ.

ನಾನು ಆಫೀಸು ಮುಗಿಯುವ ಏಳರವರೆಗೆ ದುಡಿದು, ಆಫ್ ಮಾಡಿ, ಕರೂರಿನ ಬಸ್ಸಿಗೆ ಹೋಗುವವಳು. ಹಾಗಾಗಿ ಇಡೀ ಆಫೀಸಿಗೆ ಮೈಗಳ್ಳಿ ನಾನೊಬ್ಬಳೇ. ಮತ್ತೊಮ್ಮೆ ಎಲ್ಲರಿಗಿಂತ ಮೊದಲು ಸುನಂದಾಳ ಚುಕ್ಕಿ ಕೆಂಪಾದರೆ ಕೆಲಸ ಬಿಡಿಸುತ್ತೇನೆ ಎಂದು ಸಾಹುಕಾರ್ರು ನನಗೆ ಹೇಳಿ ಕಳಿಸಿದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಈ ಕೆಲಸ ಹೋದರೆ ಅವ್ವನ ಜೊತೆ ಭತ್ತದ ನಾಟಿಗೆ ಇಳಿಯಬೇಕು, ಅದೂ ಗೊತ್ತಿತ್ತು.

ಗವಿಸಿದ್ದೇಶ ಬುದ್ಧಿ ಹೇಳಲು ಬಂದ. "ಬಟನ್ ಒತ್ತಬ್ಯಾಡಕ್ಕ, ಸುಮ್ನ ಎದ್ದು ಹೋಗು. ನಿನ್ನ ಗಂಟೇನು ಹೋಗತೈತಿ?"

"ನಾ ಮನ್ಯಾಗ ರೊಟ್ಟಿ ಬಡಿಯೋವಾಗ, ಇಲ್ಲಿ ದುಡಿಯಾಕತ್ತೀನಿ ಅಂತ ಈ ಡಬ್ಬಿ ಯಾಕ ಸುಳ್ಳು ಹೇಳಬೇಕು?" ಎಂದೆ.

ಅವನು ನಕ್ಕು ಬಸ್ಸಿಗೆ ಓಡಿದ. ಉಳಿದಿಬ್ಬರೂ ಅವನ ಹಿಂದೆಯೇ ಹೊರಟರು. ಏಳಕ್ಕೆ ಹತ್ತು ನಿಮಿಷ ಇರುವವರೆಗೆ ನನ್ನ ಕೆಲಸ ನೋಡಿಕೊಂಡೆ. ಆದರೆ ಸಿಟ್ಟು ಇಳಿಯಲಿಲ್ಲ. ಎದ್ದು ಹೋಗಿ ಮೂವರ ಕಂಪ್ಯೂಟರನ್ನೂ ಒಂದೊಂದಾಗಿ ಆಫ್ ಮಾಡಿದೆ. ಗವಿಸಿದ್ದೇಶನದರಲ್ಲಿ ಇಸ್ಪೀಟಾಟ ತೆರೆದಿತ್ತು. ನನ್ನದನ್ನು ಮಾತ್ರ ಚಾಲೂ ಬಿಟ್ಟು ಮತ್ತೆ ಕೆಲಸಕ್ಕೆ ಕೂತೆ.

ಐದು ನಿಮಿಷವಾಗಿರಲಿಲ್ಲ, ಸಾಹುಕಾರ್ರ ಫೋನು ಬಂತು. ಅಲ್ಲಿ ಕರೆಂಟ್ ಹೋಯಿತೇ ಎಂದು ಕೇಳಿದರು.

"ಕರೆಂಟ್ ಐತ್ರಿ. ಮಂದಿ ಇಲ್ರಿ. ದಿನಾ ಐದಕ್ಕ ಮನಿಗೆ ಹೋಗ್ತಾರ್ರಿ."

ಸಾಹುಕಾರ್ರು ಒಬ್ಬೊಬ್ಬರ ಹೆಸರು ಹಿಡಿದು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ, ನಾಳೆ ನೀನು ಬರುತ್ತೀ ತಾನೆ ಎಂದರು.

"ಬರ್ತೀನ್ರಿ. ನೀವೂ ಬರ್ರಿ, ಯಾರು ದುಡೀತಾರ ಅಂತ ಕಣ್ಣಾರೆ ನೋಡಾಕ. ಈಗ ನನ್ನ ಕೆಲಸ ಮುಗೀತು, ಮನಿಗೆ ಹೊಂಟೀನಿ. ಫೋನ್ ನೋಡ್ಕೊಂತ ಕೂಡ್ರಿ," ಎಂದು ಹೇಳಿ, ಅವರು ನೋಡುತ್ತಿರುವಾಗಲೇ ನನ್ನದನ್ನೂ ಆಫ್ ಮಾಡಿದೆ.