ನಲವತ್ತು ಸೀರೆ, ನೂರಿಪ್ಪತ್ತು ಸಾಲು

೧.
ಎಲ್ಲಿಂದ ಶುರು ಮಾಡಲಿ? 'ವಿಲ್ಕ್ಸ್ ಲ್ಯಾಂಬ್ಡಾ ಸೊನ್ನೆಯತ್ತ ಜಾರಿತು' ಎಂದು ಬರೆದೆ. ನೀವು ಆಕಳಿಸಿದಿರಿ, ಹೊಡೆದುಹಾಕಿದೆ. 'ಇಳಕಲ್ಲಿನ ಮಗ್ಗಗಳ ಸದ್ದು...' ಎಂದೆ. ಈ ಸಲ ನಾನೇ ಆಕಳಿಸಿದೆ.

೨.
ನೆಟ್ಟಗೆ ಹೇಳಿಬಿಡುತ್ತೇನೆ. ಭುವನೇಶ್ವರಿ ಬಾಗಲಕೋಟೆಯಲ್ಲಿ ಸಂಖ್ಯಾಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳ ಹತ್ತಿರ ಎರಡು ಪಟ್ಟಿ. ಒಂದರಲ್ಲಿ ಇಳಕಲ್ ಸೀರೆಗಳ ಎಳೆ, ಅಂಚು, ನಯ. ಇನ್ನೊಂದರಲ್ಲಿ ಆ ಸೀರೆಗಳಿಗೆ ಸೆರಗು ಕೂಡಿಸಿದವರ ಕಣ್ಣು, ಕುತ್ತಿಗೆ, ಮಣಿಕಟ್ಟಿನ ತ್ರಾಸು. ಎರಡೂ ಪಟ್ಟಿ ಎಷ್ಟು ಕೂಡಿ ಏರಿಳಿಯುತ್ತವೆ ಎಂಬುದೇ ಕೆನಾನಿಕಲ್ ಕೋರಿಲೇಶನ್. ಆ ನಂಟು ಬರೀ ಆಕಸ್ಮಿಕವಿರಬಹುದೇ ಎಂದು ಕೇಳುವುದು ಪರೀಕ್ಷೆ. ಅದರ ಉತ್ತರವಾದ ಪಿ ವ್ಯಾಲ್ಯೂ 0.05ಕ್ಕಿಂತ ಚಿಕ್ಕದಿದ್ದರೆ ಆಕಸ್ಮಿಕವಲ್ಲ ಎನ್ನುವುದು ವಾಡಿಕೆ; ಇಲ್ಲಿ 0.004 ಬಂದಿತ್ತು. ಆಕಸ್ಮಿಕವೆಂದು ತಳ್ಳುವ ಹಾಗಿಲ್ಲ: ಸೀರೆ ನಯವಾದಷ್ಟೂ ಕಣ್ಣಿಗೆ ತ್ರಾಸು.

ಅವಳ ಅವ್ವ ಸಿದ್ದವ್ವ ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸುವ ಕೊಂಡಿ ಹಾಕುವವಳು. ಆ ಕೆಲಸವೆಂದರೆ ಅವಳಿಗೆ ಜೀವ. ಆದರೂ, "ನಿನ್ನ ಲೆಕ್ಕ ಕಣ್ಣು ಹೋಗತಾವ ಅಂದ್ರ ಅವತ್ತs ಬಿಡ್ತೇನಿ" ಎಂದು ಮಾತು ಕೊಟ್ಟಿದ್ದಾಳೆ.

೩.
"ಆ ಪಿ ವ್ಯಾಲ್ಯೂ ನೀವs ಬರದದ್ದಲ್ರಿ? ಸ್ವಲ್ಪ ದೊಡ್ಡದು ಮಾಡ್ರಿ," ಭುವನೇಶ್ವರಿ ನನ್ನ ಮೇಲೆ ರೇಗಿದಳು.

(ಆಗುವುದಿಲ್ಲ ಎಂದೆ. ಸುಳ್ಳು ಹೇಳಿಯೇ ಹೊಟ್ಟೆ ಹೊರೆಯುವವನು ನಾನು, ಆದರೆ ಡೇಟಾ ತಿದ್ದುವಷ್ಟು ಕೆಟ್ಟಿಲ್ಲ.)

ಅವಳು ಸಿಟ್ಟಿನಲ್ಲಿ ನೂರಿಪ್ಪತ್ತು ಸಾಲಿನ ಪಟ್ಟಿಯನ್ನು ಅವ್ವನ ಮುಂದೆ ಹರವಿಬಿಟ್ಟಳು. ನಾನು ಹಾಗೆ ಬರೆದಿರಲಿಲ್ಲ.

"ನೂರಿಪ್ಪತ್ತು ಸೀರಿ ಎಲ್ಲಿಂದ ಬಂದ್ವು? ನೀ ನೋಡಿದ್ದು ನಲವತ್ತು," ಎಂದಳು ಸಿದ್ದವ್ವ.

"ಮಂದಿ ನೂರಿಪ್ಪತ್ತವ್ವ."

"ಹುಚ್ಚಿ, ಒಂದು ಕೊಂಡಿಗೆ ಮೂರು ಮಂದಿ ಕೂಡತೇವಿ. ಒಂದs ಸೀರೀನ ಮೂರು ಸಲ ಬರದೀ?"

ಬರೆದಿದ್ದಳು. ಮೂರು ಬೇರೆ ಸೀರೆಗಳೋ ಎಂಬಂತೆ; ಸಾಕ್ಷಿ ಇದ್ದುದಕ್ಕಿಂತ ಮೂರು ಪಟ್ಟು ಕಂಡಿತ್ತು. ಕೊಂಡಿಯ ಮನೆಯಲ್ಲೇ ಬೆಳೆದವಳಿಗೆ ಸಾಲಿನಲ್ಲಿ ಕೂತ ಮೂವರೂ ಕಂಡಿದ್ದರು, ಸೀರೆ ಒಂದೇ ಎಂಬುದು ಕಂಡಿರಲಿಲ್ಲ.

ಸೀರೆಗೊಂದು ಸಾಲಿಟ್ಟು, ಮೂವರ ಸರಾಸರಿ ಹಾಕಿ ಮತ್ತೆ ಪರೀಕ್ಷಿಸಿದಳು. 0.27. ಈಗ ಆ ನಂಟು ಬರೀ ಆಕಸ್ಮಿಕವೂ ಇರಬಹುದು. ಭುವನೇಶ್ವರಿ ಅವ್ವನನ್ನು ತಬ್ಬಿಕೊಂಡು ಅತ್ತಳು. ನನಗೂ ಹಾಯೆನಿಸಿತು.

"ಅಂದ್ರ ಕಣ್ಣಿಗೆ ಏನೂ ಆಗಂಗಿಲ್ಲ?"

"ಆಗತೈತಿ ಅನ್ನಾಕ ಸಾಕ್ಷಿ ಸಾಲಂಗಿಲ್ಲವ್ವ. ಆಗಂಗಿಲ್ಲ ಅಂತನೂ ಅಲ್ಲ."

೪.
ಅಂತ್ಯ ಒಂದು: ಸಿದ್ದವ್ವ ಕೊಂಡಿ ಹಾಕುವುದನ್ನು ಮುಂದುವರಿಸುತ್ತಾಳೆ. ಅಂತ್ಯ ಎರಡು: ಎಚ್ಚರಿಕೆಗೆಂದು ಬಿಡುತ್ತಾಳೆ. ನಿಮಗೆ ಯಾವುದು ಬೇಕು?

"ಎರಡೂ ಬ್ಯಾಡ್ರಿ," ಎಂದಳು ಸಿದ್ದವ್ವ. "ಆಕಿ ನಲವತ್ತು ಸೀರಿ ನೋಡ್ಯಾಳ. ನನ್ನ ಕಣ್ಣು ಯಾರೂ ನೋಡಿಲ್ಲ. ದವಾಖಾನಿಗೆ ಹೊಂಟೇನಿ."

ತಾಯಿ ಮಗಳು ನಗುತ್ತ ಹೊರಟೇಬಿಟ್ಟರು. ನಾನು ಹಾಳೆ ಹಿಡಿದು ಹಿಂದೆ ಓಡಿದೆ. "ಸಿದ್ದವ್ವ, ಕಥೆ ಮುಗಿಸಬೇಕಲ್ಲ!"

"ನನಗಿನ್ನೂ ಕಾಣತೈತಿ," ಆಕೆ ತಿರುಗದೆ ಅಂದಳು. "ನಿಮಗ್ಯಾಕ ಅವಸರ?"